24 ಮನೆ, 36 ಗರ: ಬ್ಯಾಕ್‌ಗ್ಯಾಮನ್ ಆಡುವುದು ಹೇಗೆ

ಬ್ಯಾಕ್‌ಗ್ಯಾಮನ್ ಹಾಸನ್ನು ಮೊದಲ ಸಲ ನೋಡಿದವರಿಗೆ ಹೆಚ್ಚಾಗಿ ಕಾಡುವುದು ಒಂದೇ ಪ್ರಶ್ನೆ. ಯಾರ ಕಾಯಿ ಎಲ್ಲಿಂದ ಎಲ್ಲಿಗೆ ಹೋಗಬೇಕು? ಪಗಡೆ, ಚೌಕಾಬಾರ ಆಡಿ ಬೆಳೆದವರಿಗೆ ಈ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತು ಹಾಕಿ ನಡುಮನೆಗೆ ಬಂದು ಹಣ್ಣಾಗುತ್ತಾರೆ. ಇಲ್ಲಿ ಹಾಗಲ್ಲ. ದಾರಿ ಒಂದೇ, ಆಡುವವರು ಇಬ್ಬರು, ಇಬ್ಬರದೂ ಎದುರುಬದುರು ದಿಕ್ಕು. ನಿಮ್ಮ ಕಾಯಿ ಎತ್ತ ಹೊರಟಿದೆಯೋ ಅತ್ತ ಕಡೆಯಿಂದಲೇ ಎದುರಾಳಿಯ ಕಾಯಿ ಬರುತ್ತಿರುತ್ತದೆ. ನಡುದಾರಿಯಲ್ಲಿ ಒಬ್ಬರಿಗೊಬ್ಬರು ಅಡ್ಡ ಬರಲೇಬೇಕು. ಇದೊಂದು ತಲೆಗೆ ಹತ್ತಿದರೆ ಉಳಿದ ನಿಯಮಗಳಿಗೆ ಕಾರಣ ತಾನಾಗೇ ಸಿಗುತ್ತದೆ.

ಇನ್ನೊಂದು ಮಾತೂ ಆಗಾಗ ಕೇಳಿಬರುತ್ತದೆ: ದಾಳದ ಆಟ ತಾನೇ, ಎಲ್ಲ ಅದೃಷ್ಟ. ಇದನ್ನು ನಾನು ಒಪ್ಪುವುದಿಲ್ಲ. ಎರಡು ದಾಳ ಎಸೆದರೆ ಬೀಳಬಹುದಾದ ಗರಗಳು 36, ಅಷ್ಟೇ. ಯಾವ ಗರ ಬೀಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ನಿಜ. ಆದರೆ 36ರಲ್ಲಿ ಎಷ್ಟು ಗರ ನಿಮಗೆ ಒಳ್ಳೆಯದು, ಎಷ್ಟು ಕೆಟ್ಟದ್ದು ಅಂತ ಎಣಿಸಬಹುದು. ಚೆನ್ನಾಗಿ ಆಡುವವರು ಮಾಡುವುದು ಆ ಎಣಿಕೆಯನ್ನೇ.

ಹಾಸು

ಹಾಸಿನ ಮೇಲೆ 24 ಉದ್ದನೆ ತ್ರಿಕೋನಗಳಿವೆ. ಒಂದೊಂದೂ ಒಂದು ಮನೆ. ನಿಮ್ಮ ಕಡೆ 12, ಎದುರಾಳಿಯ ಕಡೆ 12. ಬಣ್ಣ ಒಂದು ಬಿಟ್ಟು ಒಂದು ಬೇರೆ ಇರುತ್ತದೆ. ಅದು ಎಣಿಸಲು ಅನುಕೂಲವಾಗಲಿ ಅಂತ ಮಾತ್ರ, ಅದಕ್ಕೆ ಬೇರೆ ಅರ್ಥವಿಲ್ಲ. ಹಾಸನ್ನು ನಡುವೆ ಒಂದು ಪಟ್ಟಿ ಎರಡು ಭಾಗ ಮಾಡುತ್ತದೆ. ಅದನ್ನು ಬಾರ್ ಅನ್ನುತ್ತಾರೆ. ಹೊಡೆಸಿಕೊಂಡ ಕಾಯಿ ಹೋಗಿ ಕೂರುವ ಜಾಗ ಅದು.

ಮನೆಗಳಿಗೆ ನಂಬರ್ ಹಾಕಿಕೊಳ್ಳುವುದು ಮುಖ್ಯ. ನಿಮ್ಮ ಕಾಯಿಗಳು 24ರಿಂದ 1ರ ಕಡೆಗೆ ಇಳಿಯುತ್ತವೆ. 1ರಿಂದ 6ರವರೆಗಿನ ಆರು ಮನೆ ನಿಮ್ಮ ಹೋಮ್ ಬೋರ್ಡ್. 19ರಿಂದ 24ರವರೆಗಿನದು ಎದುರಾಳಿಯ ಹೋಮ್ ಬೋರ್ಡ್. ಅವರ ಎಣಿಕೆ ಉಲ್ಟಾ: ನಿಮ್ಮ 24 ಅವರಿಗೆ 1, ನಿಮ್ಮ 6 ಅವರಿಗೆ 19. ಎರಡೂ ನಂಬರ್ ಕೂಡಿಸಿದರೆ ಯಾವಾಗಲೂ 25.

ಒಬ್ಬೊಬ್ಬರಿಗೆ 15 ಕಾಯಿ. ಅವು ಆಟದ ಶುರುವಿನಲ್ಲೇ ಹಾಸಿನ ಮೇಲೆ ಇರುತ್ತವೆ. ನಿಮ್ಮ ಲೆಕ್ಕದಲ್ಲಿ 24ನೇ ಮನೆಯಲ್ಲಿ 2, 13ರಲ್ಲಿ 5, 8ರಲ್ಲಿ 3, 6ರಲ್ಲಿ 5. ಎದುರಾಳಿಯದ್ದು ಇದರ ಪಡಿಯಚ್ಚು. ನಿಮ್ಮ ಎರಡು ಕಾಯಿ ಎದುರಾಳಿಯ ಮನೆಯ ತೀರಾ ಒಳಗೆ ಸಿಕ್ಕಿಕೊಂಡಿವೆ, ಅವರ ಎರಡು ನಿಮ್ಮ ಮನೆಯೊಳಗೆ. ಆಟದ ಮುಕ್ಕಾಲು ಪಾಲು ತಲೆನೋವು ಈ ಎರಡು ಹಿಂದಿನ ಕಾಯಿಗಳದ್ದೇ.

ನಡೆ, ಹೊಡೆತ, ಹಣ್ಣು

ಮೊದಲು ಇಬ್ಬರೂ ಒಂದೊಂದು ದಾಳ ಎಸೆಯುತ್ತಾರೆ. ಜಾಸ್ತಿ ಬಿದ್ದವರು ಆ ಎರಡೂ ಸಂಖ್ಯೆಗಳನ್ನು ತಮ್ಮ ಮೊದಲ ಗರವಾಗಿ ಆಡುತ್ತಾರೆ. ಆಮೇಲೆ ಸರದಿ ಪ್ರಕಾರ ಎರಡೂ ದಾಳ.

5 ಮತ್ತು 3 ಬಿದ್ದರೆ ಅದು 8 ಅಲ್ಲ. ಒಂದು 5, ಒಂದು 3. ಎರಡು ಬೇರೆ ಕಾಯಿ ನಡೆಸಬಹುದು, ಇಲ್ಲ ಒಂದೇ ಕಾಯಿಯನ್ನು ಎರಡು ಹೆಜ್ಜೆಯಲ್ಲಿ ನಡೆಸಬಹುದು. ಒಂದೇ ಕಾಯಿ ನಡೆಸಿದರೆ ನಡುವೆ ಕಾಲಿಡುವ ಮನೆಯೂ ಖಾಲಿ ಇರಬೇಕು ಅಥವಾ ಇಳಿಯಲು ಆಗುವಂತಿರಬೇಕು. ಎರಡೂ ದಾಳದಲ್ಲಿ ಒಂದೇ ಸಂಖ್ಯೆ ಬಿದ್ದರೆ ನಾಲ್ಕು ಸಲ ಆಡಬಹುದು. ಆಡಲು ಆಗುವಷ್ಟನ್ನು ಆಡಲೇಬೇಕು, ಬೇಡ ಅಂತ ಬಿಡುವ ಹಾಗಿಲ್ಲ.

ಒಂದು ಮನೆಯಲ್ಲಿ ಒಬ್ಬರ ಎರಡು ಅಥವಾ ಹೆಚ್ಚು ಕಾಯಿ ಇದ್ದರೆ ಆ ಮನೆ ಅವರದ್ದು. ಇನ್ನೊಬ್ಬರು ಅಲ್ಲಿ ಕಾಲಿಡುವಂತಿಲ್ಲ. ಚೌಕಾಬಾರದಲ್ಲಿ ಗಟ್ಟಿ ಮಾಡಿಕೊಂಡು ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂಟಿ ಕಾಯಿ ಇದ್ದರೆ ಮಾತ್ರ ಅಪಾಯ. ಎದುರಾಳಿ ಸರಿಯಾಗಿ ಅಲ್ಲಿಗೆ ಬಂದು ಹೊಡೆದರೆ ಆ ಕಾಯಿ ಬಾರ್‌ಗೆ ಹೋಗುತ್ತದೆ. ಬಾರ್‌ನಲ್ಲಿ ನಿಮ್ಮ ಕಾಯಿ ಇರುವವರೆಗೆ ಬೇರೆ ಯಾವ ಕಾಯಿಯನ್ನೂ ಮುಟ್ಟುವಂತಿಲ್ಲ. ಎದುರಾಳಿಯ ಹೋಮ್ ಬೋರ್ಡ್‌ನಲ್ಲಿ ದಾಳಕ್ಕೆ ಸರಿಯಾದ ಮನೆ ತೆರೆದಿದ್ದರೆ ಒಳಗೆ ಬರಬೇಕು, ಇಲ್ಲದಿದ್ದರೆ ಆ ಸರದಿ ಹೋಯಿತು.

ನಿಮ್ಮ 15 ಕಾಯಿಯೂ ಹೋಮ್ ಬೋರ್ಡ್‌ಗೆ ಬಂದ ಮೇಲೆ ಒಂದೊಂದಾಗಿ ಹಾಸಿನಿಂದ ಹೊರಗೆ ತೆಗೆಯಬಹುದು, ಅಂದರೆ ಹಣ್ಣು ಮಾಡಬಹುದು. ಮೊದಲು 15ನ್ನೂ ತೆಗೆದವರು ಗೆದ್ದರು. ಸೋತವರು ಒಂದು ಕಾಯಿಯನ್ನೂ ತೆಗೆದಿರದಿದ್ದರೆ ಅದು ಗ್ಯಾಮನ್, ಎರಡು ಪಾಯಿಂಟ್. ಅದರ ಜೊತೆಗೆ ಅವರ ಕಾಯಿ ಬಾರ್‌ನಲ್ಲೋ ಗೆದ್ದವರ ಹೋಮ್ ಬೋರ್ಡ್‌ನಲ್ಲೋ ಇನ್ನೂ ಉಳಿದಿದ್ದರೆ ಬ್ಯಾಕ್‌ಗ್ಯಾಮನ್, ಮೂರು ಪಾಯಿಂಟ್. ನಿಯಮ ಇಷ್ಟೇ.

36ರ ಎಣಿಕೆ

ಒಂದು ದಾಳ ಕೆಂಪು, ಇನ್ನೊಂದು ಬಿಳಿ ಅಂದುಕೊಳ್ಳಿ. ಕೆಂಪಿಗೆ ಆರು ಮುಖ, ಬಿಳಿಗೆ ಆರು ಮುಖ, ಒಟ್ಟು 36 ಗರ. ಕೆಂಪು 5 ಬಿಳಿ 3 ಒಂದು, ಕೆಂಪು 3 ಬಿಳಿ 5 ಇನ್ನೊಂದು. ಹಾಗಾಗಿ 5-3 ಎರಡು ಸಲ ಲೆಕ್ಕಕ್ಕೆ ಬರುತ್ತದೆ. 5-5 ಮಾತ್ರ ಒಂದೇ ಸಲ. ಯಾವುದಾದರೂ ಒಂದು ದಾಳದಲ್ಲಿ 6 ಬೀಳುವ ಗರಗಳು ಎಷ್ಟು? ಕೆಂಪಿನಲ್ಲಿ 6 ಇರುವುದು ಆರು, ಬಿಳಿಯಲ್ಲಿ 6 ಇರುವುದು ಆರು. 6-6 ಎರಡು ಸಲ ಎಣಿಸಿದ್ದರಿಂದ ಒಂದು ಕಳೆಯಿರಿ. 11.

ಈಗ ನಿಮ್ಮ ಒಂಟಿ ಕಾಯಿ ಎದುರಾಳಿಯ ಕಾಯಿಗಿಂತ ಸರಿಯಾಗಿ 6 ಹೆಜ್ಜೆ ಮುಂದೆ ಇದೆ ಅನ್ನೋಣ, ನಡುವೆ ಯಾವ ಅಡ್ಡಿಯೂ ಇಲ್ಲ. ಹೊಡೆಯುವ ಗರಗಳು: ನೇರವಾಗಿ 6 ಬೀಳುವ 11, 5-1 ಎರಡು, 4-2 ಎರಡು, 3-3 ಒಂದು, 2-2 ಒಂದು. ಒಟ್ಟು 17. ಹೆಚ್ಚುಕಡಿಮೆ ಅರ್ಧಕ್ಕರ್ಧ ಅಪಾಯ. ಅದೇ ಕಾಯಿಯನ್ನು ಇನ್ನೊಂದೇ ಹೆಜ್ಜೆ ದೂರ ಇಡಿ, 7ಕ್ಕೆ. ಒಂದೇ ದಾಳದಲ್ಲಿ 7 ಬೀಳುವುದಿಲ್ಲ. ಹಾಗಾಗಿ 6-1 ಎರಡು, 5-2 ಎರಡು, 4-3 ಎರಡು. ಬರೀ 6.

ಒಂದೇ ಹೆಜ್ಜೆಗೆ 17 ಇದ್ದದ್ದು 6ಕ್ಕೆ ಇಳಿಯಿತು. ಹೊಸಬರು ಒಂಟಿ ಕಾಯಿ ಬಿಡಲು ಹೆದರುತ್ತಾರೆ, ಎಲ್ಲವನ್ನೂ ಜೋಡಿ ಮಾಡಿಯೇ ಇಡಲು ನೋಡುತ್ತಾರೆ. ಹಾಗೆ ಆಡಿದರೆ ಕಾಯಿಗಳೆಲ್ಲ ಒಂದರ ಮೇಲೊಂದು ಪೇರಿಸಿಕೊಂಡು ಕೂರುತ್ತವೆ, ಆಟ ಮುಂದಕ್ಕೆ ಹೋಗುವುದಿಲ್ಲ. ಒಂಟಿ ಕಾಯಿ ಬಿಡಬೇಕು, ಆದರೆ ಎಲ್ಲಿ ಬಿಡುತ್ತೇವೆ ಅನ್ನುವುದನ್ನು ಎಣಿಸಿ ಬಿಡಬೇಕು. 6ಕ್ಕಿಂತ ಹತ್ತಿರದಲ್ಲಿ ಬಿಡಲೇಬೇಕಾಗಿ ಬಂದರೆ ಆದಷ್ಟು ಹತ್ತಿರ ಬಿಡುವುದು ಲೇಸು. 1 ಹೆಜ್ಜೆ ದೂರದಲ್ಲಿದ್ದರೆ ಹೊಡೆಯುವ ಗರ 11, 2 ದೂರದಲ್ಲಿದ್ದರೆ 12, 3ಕ್ಕೆ 14, 4 ಮತ್ತು 5ಕ್ಕೆ 15.

ಅಪಾಯ ಎಷ್ಟು ಅನ್ನುವುದರ ಜೊತೆಗೆ ನಷ್ಟ ಎಷ್ಟು ಅನ್ನುವುದನ್ನೂ ನೋಡಬೇಕು. ಬಾರ್ ಅಂದರೆ 25ನೇ ಮನೆ ಇದ್ದ ಹಾಗೆ. 23ನೇ ಮನೆಯಲ್ಲಿದ್ದ ಕಾಯಿ ಹೊಡೆಸಿಕೊಂಡರೆ ಕಳೆದುಕೊಳ್ಳುವುದು 2 ಹೆಜ್ಜೆ. 5ನೇ ಮನೆಗೆ ಬಂದಿದ್ದ ಕಾಯಿ ಹೊಡೆಸಿಕೊಂಡರೆ 20 ಹೆಜ್ಜೆ ನೀರುಪಾಲು. ಎಲ್ಲ ಒಂಟಿ ಕಾಯಿಗಳೂ ಒಂದೇ ಅಲ್ಲ ಅನ್ನುವುದು ಇದಕ್ಕೇ.

ಹೊಡೆಸಿಕೊಂಡ ಮೇಲೆ ಒಳಗೆ ಬರುವುದು ಎಷ್ಟು ಕಷ್ಟ? ಅದೂ ಎಣಿಕೆಯೇ. ಎದುರಾಳಿಯ ಹೋಮ್ ಬೋರ್ಡ್‌ನಲ್ಲಿ ಎಷ್ಟು ಮನೆ ಮುಚ್ಚಿದೆಯೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. 2 ಮನೆ ಮುಚ್ಚಿದ್ದರೆ 36ರಲ್ಲಿ 4 ಗರಕ್ಕೆ ಮಾತ್ರ ಹೊರಗೆ ಉಳಿಯುತ್ತೀರಿ. 3 ಮುಚ್ಚಿದ್ದರೆ 9, 4ಕ್ಕೆ 16, 5ಕ್ಕೆ 25. ಎದುರಾಳಿಯ ಮನೆ ಖಾಲಿ ಇರುವಾಗ ಧೈರ್ಯ ಮಾಡಿ, ಅಲ್ಲಿ ನಾಲ್ಕೈದು ಮನೆ ಕಟ್ಟಿಕೊಂಡಿದ್ದರೆ ಜೋಪಾನ.

ಗೋಡೆ ಕಟ್ಟುವುದು

ಮೊದಲ ಗರಕ್ಕೆ 3-1 ಬಿದ್ದರೆ ಅನುಭವಸ್ಥರೆಲ್ಲ ಒಂದೇ ನಡೆ ಆಡುತ್ತಾರೆ. 8ನೇ ಮನೆಯಿಂದ ಒಂದು ಕಾಯಿ 3 ಹೆಜ್ಜೆ ಬಂದು 5ಕ್ಕೆ. 6ನೇ ಮನೆಯಿಂದ ಒಂದು ಕಾಯಿ 1 ಹೆಜ್ಜೆ ಬಂದು ಅದೂ 5ಕ್ಕೆ. ಈಗ 5, 6, 8 ಮೂರೂ ನಿಮ್ಮವು. ನಿಮ್ಮ 1ನೇ ಮನೆಯಲ್ಲಿ ಕುಳಿತ ಎದುರಾಳಿಯ ಎರಡು ಕಾಯಿಗಳ ಕಡೆಯಿಂದ ನೋಡಿ. ಅವಕ್ಕೆ 4 ಬಿದ್ದರೆ 5ನೇ ಮನೆಗೆ ತಲೆ ತಾಗುತ್ತದೆ, 5 ಬಿದ್ದರೆ 6ನೇ ಮನೆಗೆ. ಹೊರಟುಹೋಗುವ ದಾರಿ ಅರ್ಧ ಮುಚ್ಚಿತು. 5ನೇ ಮನೆ ಇಡೀ ಹಾಸಿನಲ್ಲೇ ಬೆಲೆಬಾಳುವ ಜಾಗ. ಇಬ್ಬರೂ ಅದಕ್ಕೇ ಹೊಡೆದಾಡುತ್ತಾರೆ.

ಇನ್ನು ಕೆಲವು ಮೊದಲ ಗರಗಳೂ ಹೀಗೆಯೇ ನೇರವಾಗಿ ಮನೆ ಕಟ್ಟಿಕೊಡುತ್ತವೆ. 4-2ಕ್ಕೆ 8ರಿಂದ ಒಂದು, 6ರಿಂದ ಒಂದು ತಂದು 4ನೇ ಮನೆ. 6-1ಕ್ಕೆ 13ರಿಂದ ಒಂದು, 8ರಿಂದ ಒಂದು ತಂದು 7ನೇ ಮನೆ. ಆಗ 6, 7, 8 ಮೂರು ಮನೆ ಸಾಲಾಗಿ ನಿಲ್ಲುತ್ತವೆ. 6-5 ಬಿದ್ದರೆ ಹಿಂದಿನ ಕಾಯಿಯೊಂದನ್ನು 24ರಿಂದ ಸೀದಾ 13ಕ್ಕೆ ಓಡಿಸಿಬಿಡಿ. ಒಂದು ಕಾಯಿಯ ಚಿಂತೆ ತೀರಿತು.

ಹೀಗೆ ಸಾಲಾಗಿ ಮನೆ ಕಟ್ಟುತ್ತಾ ಹೋದರೆ ಅದು ಗೋಡೆಯಾಗುತ್ತದೆ. ಆರು ಮನೆ ಸಾಲಾಗಿ ಕಟ್ಟಿದ ಗೋಡೆಯನ್ನು ಯಾವ ಗರದಿಂದಲೂ ದಾಟಲು ಆಗುವುದಿಲ್ಲ. 6-6 ಬಿದ್ದರೂ ಇಲ್ಲ. ಯಾಕೆಂದರೆ ಒಂದೊಂದು ದಾಳವನ್ನೂ ಬೇರೆಬೇರೆಯಾಗಿ ಆಡಬೇಕು, ಒಂದು ಜಿಗಿತಕ್ಕೆ 6ಕ್ಕಿಂತ ಹೆಚ್ಚು ಇಲ್ಲ, ಆರು ಹೆಜ್ಜೆ ಒಳಗೆ ಇಳಿಯಲು ಎಲ್ಲೂ ಜಾಗವಿಲ್ಲ. ಗೋಡೆಯ ಹಿಂದೆ ಸಿಕ್ಕಿದ ಕಾಯಿ ಗೋಡೆ ಒಡೆಯುವವರೆಗೆ ಅಲ್ಲೇ. ನಾಲ್ಕು, ಐದು ಮನೆಯ ಗೋಡೆಯೂ ಸಾಕಷ್ಟು ಕಾಟ ಕೊಡುತ್ತದೆ. ನಡುವೆ ತೂತು ಬಿಟ್ಟ ಗೋಡೆಗಿಂತ ಒತ್ತೊತ್ತಾಗಿ ನಿಂತ ಗೋಡೆಯೇ ಬಲ.

ಗೋಡೆಗೆ ಎದುರು ಮದ್ದೂ ಇದೆ. ಎದುರಾಳಿಯ ಹೋಮ್ ಬೋರ್ಡ್‌ನಲ್ಲಿ ನೀವೇ ಎರಡು ಕಾಯಿ ಸೇರಿಸಿ ಒಂದು ಮನೆ ಹಿಡಿದುಕೊಳ್ಳಿ. ಇದಕ್ಕೆ ಆಂಕರ್ ಅನ್ನುತ್ತಾರೆ. ಅವರ 5ನೇ ಮನೆ, ಅಂದರೆ ನಿಮ್ಮ 20ನೆಯದು ಸಿಕ್ಕರೆ ತುಂಬಾ ಒಳ್ಳೆಯದು. ಆಂಕರ್ ಇದ್ದಷ್ಟು ಕಾಲ ಬಾರ್‌ನಿಂದ ಬಂದಿಳಿಯಲು ಒಂದು ಮನೆ ಗ್ಯಾರಂಟಿ. ಅವರು ತಮ್ಮ ಕಾಯಿಗಳನ್ನು ಒಳಗೆ ತರುವಾಗ ಕಾದು ಹೊಡೆಯುವ ಅವಕಾಶವೂ ಇರುತ್ತದೆ.

ಓಡಬೇಕೋ ಕಾಯಬೇಕೋ

ಆಟದ ಯಾವ ಹಂತದಲ್ಲಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ: ಓಟದಲ್ಲಿ ಯಾರು ಮುಂದೆ? ಒಂದೊಂದು ಕಾಯಿಗೂ ಇನ್ನೆಷ್ಟು ಹೆಜ್ಜೆ ಬಾಕಿ ಇದೆ ಅಂತ ಕೂಡಿಸಿದರೆ ಉತ್ತರ ಸಿಗುತ್ತದೆ. ಈ ಹೆಜ್ಜೆಗೆ ಪಿಪ್ ಅಂತ ಹೆಸರು. ಶುರುವಿನಲ್ಲಿ ಇಬ್ಬರಿಗೂ 167 ಪಿಪ್. 24ರ ಎರಡು ಕಾಯಿಗೆ 48, 13ರ ಐದಕ್ಕೆ 65, 8ರ ಮೂರಕ್ಕೆ 24, 6ರ ಐದಕ್ಕೆ 30, ಕೂಡಿಸಿ ನೋಡಿ. ಜೋಡಿ ಗರಗಳ ಲಾಭವೂ ಸೇರಿ ಒಂದು ಗರಕ್ಕೆ ಸರಾಸರಿ 8 ಪಿಪ್‌ಗಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ.

ಮುಂದೆ ಇದ್ದರೆ ಜಗಳ ಬೇಡ. ಎದುರಾಳಿಯ ಕಾಯಿಗಳನ್ನು ದಾಟಿಕೊಂಡು ಹೋಗಿ, ಒಬ್ಬರಿಗೊಬ್ಬರು ಸಿಗದ ಹಾಗೆ ಮಾಡಿಕೊಳ್ಳಿ, ಆಮೇಲೆ ಸುಮ್ನೆ ಓಟ. ಹಿಂದೆ ಇದ್ದರೆ ಇದಕ್ಕೆ ಪೂರ್ತಿ ಉಲ್ಟಾ. ಓಡಿದರೆ ಸೋಲು ಖಂಡಿತ, ಹಾಗಾಗಿ ಆಂಕರ್ ಬಿಡಬೇಡಿ, ಗೋಡೆ ಒಡೆಯಬೇಡಿ, ಒಂದು ಹೊಡೆತದ ಅವಕಾಶಕ್ಕೆ ಕಾಯಿರಿ. ಹಿಂದೆ ಬಿದ್ದವರು ಗಾಬರಿಯಿಂದ ಕಾಯಿ ಓಡಿಸುವುದು, ಮುಂದಿದ್ದವರು ಆಸೆಗೆ ಬಿದ್ದು ಇನ್ನೊಂದು ಕಾಯಿ ಹೊಡೆಯಲು ಹೋಗುವುದು, ಇವೆರಡೂ ಗೆಲ್ಲುವ ಆಟವನ್ನು ಸುಮ್ಮನೆ ಕೈಬಿಡುವ ದಾರಿಗಳು.

ಹಣ್ಣು ಮಾಡುವ ಹಂತ ಬಂದ ಮೇಲೆ ಯೋಚನೆಗೆ ಕೆಲಸವಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ನೋಡಿ, ನಿಮ್ಮ ಬಳಿ ಎರಡೇ ಕಾಯಿ ಉಳಿದಿವೆ, ಒಂದೇ ಗರ ಬಾಕಿ. ಒಟ್ಟು 7 ಪಿಪ್. ಕಾಯಿಗಳು 6 ಮತ್ತು 1ರಲ್ಲಿದ್ದರೆ ಎರಡೂ ಹೊರಬರುವ ಗರಗಳು 15. 4 ಮತ್ತು 3ರಲ್ಲಿದ್ದರೆ 17. 5 ಮತ್ತು 2ರಲ್ಲಿದ್ದರೆ 19. ಪಿಪ್ ಅಷ್ಟೇ, ಆದರೂ ಹಿಂದಿನ ಸರದಿಯಲ್ಲಿ ಯಾವ ಕಾಯಿ ಎಲ್ಲಿಟ್ಟಿರಿ ಅನ್ನುವುದರ ಮೇಲೆ ಗೆಲುವು ನಿಂತಿದೆ.

ಯಂತ್ರ ಕಲಿಸಿದ್ದು

ಈ ಆಟಕ್ಕೂ ನಮ್ಮ ದೇಶಕ್ಕೂ ಹಳೇ ನಂಟಿನ ಕಥೆಯೊಂದಿದೆ. ಹಿಂದೂಸ್ತಾನದ ರಾಜನೊಬ್ಬ ಪರ್ಷಿಯಾದ ಖುಸ್ರೋ ಅನೂಶಿರ್ವಾನ್‌ಗೆ ಚದುರಂಗ ಕಳುಹಿಸಿ, ಆಡುವ ಬಗೆ ಕಂಡುಹಿಡಿಯಿರಿ ಅಂತ ಸವಾಲು ಹಾಕಿದನಂತೆ. ಬುಜುರ್ಗ್‌ಮಿಹ್ರ್ ಅನ್ನುವ ಮಂತ್ರಿ ಅದನ್ನು ಬಿಡಿಸಿ, ತಿರುಗಿ ನರ್ದ್ ಆಟವನ್ನು, ಅಂದರೆ ಬ್ಯಾಕ್‌ಗ್ಯಾಮನ್‌ನ ಹಳೇ ರೂಪವನ್ನು, ಕಟ್ಟಿ ಕಳುಹಿಸಿದನಂತೆ. ಬಿಳಿ ಕಾಯಿ 15 ಹಗಲು, ಕಪ್ಪು ಕಾಯಿ 15 ಇರುಳು ಅಂತ ಈ ಕಥೆ ಇರುವ ಪಹ್ಲವಿ, ಅಂದರೆ ಹಳೇ ಪರ್ಷಿಯನ್, ಭಾಷೆಯ ಬರಹ ಹೇಳುತ್ತದೆ. ಇರಾನ್‌ನಲ್ಲಿ ಇಂದಿಗೂ ಇದು ನರ್ದ್. ತುರ್ಕಿಯ ಕಾಫಿ ಅಂಗಡಿಗಳಲ್ಲಿ ತವ್ಲಾ, ಅಲ್ಲಿ ಗರಗಳನ್ನು ಈಗಲೂ ಪರ್ಷಿಯನ್ ಎಣಿಕೆಯಲ್ಲೇ ಕೂಗುತ್ತಾರೆ.

ಆದರೆ ಆಡುವ ರೀತಿಯನ್ನು ನಿಜವಾಗಿ ಬದಲಿಸಿದ್ದು ಕಂಪ್ಯೂಟರ್. 1979ರಲ್ಲಿ ಮಾಂಟೆ ಕಾರ್ಲೋದಲ್ಲಿ ಹಾನ್ಸ್ ಬರ್ಲಿನರ್ ಬರೆದ ಪ್ರೋಗ್ರಾಂ ಆಗಿನ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7-1ರಿಂದ ಸೋಲಿಸಿತು. ದಾಳ ಯಂತ್ರದ ಕಡೆಗಿತ್ತು, ಆಟದಲ್ಲಿ ವಿಲ್ಲಾ ಅವರೇ ಮೇಲು ಅಂತ ಬರ್ಲಿನರ್ ತಾವೇ ಒಪ್ಪಿಕೊಂಡರು. ಸಣ್ಣ ಪಂದ್ಯದಲ್ಲಿ ಅದೃಷ್ಟ ಏನು ಬೇಕಾದರೂ ಮಾಡಬಹುದು, ನೂರಾರು ಆಟ ಸೇರಿದರೆ ಎಣಿಸಿ ಆಡಿದವರೇ ಮೇಲೆ ಬರುತ್ತಾರೆ.

1990ರ ದಶಕದ ಶುರುವಿನಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೋ ಟಿಡಿ-ಗ್ಯಾಮನ್ ಮಾಡಿದರು. ಅದು ತನ್ನೊಂದಿಗೆ ತಾನೇ ಲಕ್ಷಾಂತರ ಆಟ ಆಡಿ ಕಲಿತ ಪ್ರೋಗ್ರಾಂ. ಆಗ ಮೊದಲ ಗರಕ್ಕೆ 4-1 ಬಿದ್ದರೆ ಪಳಗಿದ ಆಟಗಾರರು 1ನ್ನು 6ರಿಂದ 5ಕ್ಕೆ ಆಡುತ್ತಿದ್ದರು. ಹೊಡೆಸಿಕೊಳ್ಳದೆ ಉಳಿದರೆ ಮುಂದಿನ ಸರದಿಯಲ್ಲಿ ಆ ಬೆಲೆಬಾಳುವ ಮನೆ ಕಟ್ಟಬಹುದು ಅಂತ. ಟಿಡಿ-ಗ್ಯಾಮನ್ ಬೇರೆ ನಡೆ ಆರಿಸಿತು: 4ನ್ನು 13ರಿಂದ 9ಕ್ಕೆ, 1ನ್ನು 24ರಿಂದ 23ಕ್ಕೆ. ಕಾರಣವನ್ನು ಈಗ ನೀವೇ ಲೆಕ್ಕ ಹಾಕಬಹುದು. 5ನೇ ಮನೆಯ ಒಂಟಿ ಕಾಯಿ ಎದುರಾಳಿಗೆ 4 ಹೆಜ್ಜೆ ದೂರ, ಅದನ್ನು ಹೊಡೆಯುವ ಗರ 15, ಹೊಡೆದರೆ ನಷ್ಟ 20 ಪಿಪ್. 23ನೇ ಮನೆಯ ಕಾಯಿ ಹೊಡೆಸಿಕೊಂಡರೆ ನಷ್ಟ 2. ತಜ್ಞರು ಪರೀಕ್ಷಿಸಿ ನೋಡಿದರು, ಒಪ್ಪಿದರು. ಇಂದು 4-1ಕ್ಕೆ ಹಳೇ ನಡೆಯನ್ನು ಹೆಚ್ಚಿನವರು ಆಡುವುದೇ ಇಲ್ಲ. ಶತಮಾನಗಳಿಂದ ಮನುಷ್ಯರು ಆಡಿಕೊಂಡು ಬಂದ ಆಟದ ಮೊದಲ ನಡೆಯನ್ನೇ ಒಂದು ಯಂತ್ರ ತಿದ್ದಿತು ಅನ್ನುವುದು ನನಗೆ ಇವತ್ತಿಗೂ ರೋಮಾಂಚನ ಕೊಡುವ ವಿಷಯ.

ಕಲಿಯುವವರಿಗೆ ಇದರಿಂದ ದೊಡ್ಡ ಲಾಭವಾಗಿದೆ. ಜಿಎನ್‌ಯು ಬ್ಯಾಕ್‌ಗ್ಯಾಮನ್ ಅನ್ನುವ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ, ಚೆನ್ನಾಗಿ ಆಡುತ್ತದೆ. ಆಟ ಮುಗಿದ ಮೇಲೆ ನೀವು ಯಾವ ನಡೆಯಲ್ಲಿ ಎಷ್ಟು ಕಳೆದುಕೊಂಡಿರಿ ಅಂತಲೂ ತೋರಿಸುತ್ತದೆ. ಗೆದ್ದ ಆಟವನ್ನೂ ಹೀಗೆ ಪರೀಕ್ಷಿಸಿ. ದಾಳ ಕೈಹಿಡಿದದ್ದರಿಂದ ಮುಚ್ಚಿಹೋದ ತಪ್ಪುಗಳು ಅಲ್ಲೇ ಜಾಸ್ತಿ ಸಿಗುತ್ತವೆ.

ಕೊನೆಯ ದಾಳ

ಹಾಸಿನ ಪಕ್ಕದಲ್ಲಿ ಇನ್ನೊಂದು ದಾಳ ಇರುತ್ತದೆ. ಅದರ ಮೇಲೆ 2, 4, 8, 16, 32, 64 ಅಂತ ಬರೆದಿರುತ್ತದೆ. ಇದನ್ನು ಎಸೆಯುವುದಿಲ್ಲ. ಡಬ್ಲಿಂಗ್ ಕ್ಯೂಬ್ ಅಂತ ಹೆಸರು, 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ನಿಮ್ಮ ಸರದಿಯಲ್ಲಿ ದಾಳ ಎಸೆಯುವ ಮೊದಲು ಆಟದ ಬೆಲೆಯನ್ನು ಎರಡರಷ್ಟು ಮಾಡೋಣ ಅಂತ ಕೇಳಬಹುದು. ಎದುರಾಳಿ ಒಪ್ಪಿದರೆ ಆಟ ಮುಂದುವರಿಯುತ್ತದೆ, ಕ್ಯೂಬ್ ಅವರ ಕೈಗೆ ಹೋಗುತ್ತದೆ, ಮತ್ತೆ ಏರಿಸುವ ಹಕ್ಕು ಅವರೊಬ್ಬರದ್ದೇ. ಒಪ್ಪದಿದ್ದರೆ ಇದ್ದ ಬೆಲೆಗೆ ಸೋತಂತೆ.

ಸೋಲುವ ಸಾಧ್ಯತೆ ಜಾಸ್ತಿ ಇರುವಾಗ ಒಪ್ಪುವುದು ಯಾಕೆ? ನಾಲ್ಕು ಆಟದಲ್ಲಿ ಒಂದನ್ನು ಮಾತ್ರ ಗೆಲ್ಲುವ ಸ್ಥಿತಿ ಅಂದುಕೊಳ್ಳಿ. ನಾಲ್ಕು ಸಲವೂ ಬೇಡ ಅಂದರೆ 4 ಪಾಯಿಂಟ್ ಹೋಯಿತು. ನಾಲ್ಕು ಸಲವೂ ಒಪ್ಪಿದರೆ ಮೂರು ಸೋಲಿಗೆ 6 ಹೋಗಿ ಒಂದು ಗೆಲುವಿಗೆ 2 ಬರುತ್ತದೆ, ಅಲ್ಲಿಗೂ 4. ಅಂದರೆ 25 ಶೇಕಡಾ ಗಡಿ. ಗೆಲ್ಲುವ ಸಾಧ್ಯತೆ ಅದಕ್ಕಿಂತ ಜಾಸ್ತಿ ಇದ್ದರೆ ಒಪ್ಪಬೇಕು. ಗ್ಯಾಮನ್ ಭಯ ಇದ್ದರೆ ಗಡಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳಿ.

ಆಗ ಹೇಳಿದ ಎರಡು ಕಾಯಿಗೆ ವಾಪಸ್ ಬರೋಣ. ಈ ಸಲ ಅವು ಎದುರಾಳಿಯವು, 5 ಮತ್ತು 2ರಲ್ಲಿವೆ, ಸರದಿ ಅವರದ್ದು. ನಿಮ್ಮದು ಒಂದೇ ಕಾಯಿ, 1ನೇ ಮನೆಯಲ್ಲಿ. ಅವರು ಈ ಗರದಲ್ಲಿ ಮುಗಿಸದಿದ್ದರೆ ಗೆಲುವು ನಿಮ್ಮದು. ಕ್ಯೂಬ್ ಇನ್ನೂ ಯಾರ ಕೈಗೂ ಹೋಗಿಲ್ಲ, ಅವರು ಅದನ್ನು ಮುಂದಿಟ್ಟರು. ಅವರಿಗೆ 19 ಗರ, ನಿಮಗೆ 17. ಅವರು ಕೇಳಿದ್ದೂ ಸರಿ, ನೀವು ಒಪ್ಪುವುದೂ ಸರಿ. ಇಂಥ 36 ಆಟದಲ್ಲಿ ಹೆದರಿ ಬಿಟ್ಟುಕೊಟ್ಟರೆ 36 ಪಾಯಿಂಟ್ ಹೋಗುತ್ತದೆ. ಒಪ್ಪಿ ಆಡಿದರೆ ಸರಾಸರಿ 38 ಕೊಟ್ಟು 34 ಪಡೆಯುತ್ತೀರಿ, ಹೋಗುವುದು ಬರೀ 4.